ಬಿಸಿಲಿಗೆ ಜಗ್ಗದ ನಿತ್ಯಪುಷ್ಪ ನಮ್ಮ ಮಳೆಗೆ ಯಾಕೆ ಸಾಯುತ್ತದೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಗುಡ್ಡದ ಅಂಚನ್ನು ಜೆಸಿಬಿಯಲ್ಲಿ ಕಡಿಸಿ, ಸಮ ಮಾಡಿಸಿ ಹೊಸ ಮನೆ ಕಟ್ಟಿದ್ದೇವೆ. ಕಾಂಪೌಂಡ್ ಗೋಡೆಯ ಪಕ್ಕ 30 ಅಡಿ ಉದ್ದ, 2 ಅಡಿ ಅಗಲದ ಜಾಗ ಇದೆ. ಬೆಳಿಗ್ಗೆಯಿಂದ ಸಂಜೆವರೆಗೂ ಬಿಸಿಲು. ಮಾರ್ಚ್ ಬಂತೆಂದರೆ ಬಾವಿ ನೀರು ಕುಡಿಯೋಕೆ ಮಾತ್ರ. ಹಾಗಾಗಿ ನೀರು ಕೇಳದ ಹೂವು ಅಂತ ನರ್ಸರಿಯಿಂದ 24 ನಿತ್ಯಪುಷ್ಪದ ಗಿಡ ತಂದು, ಮಳೆ ಹಿಡಿಯುತ್ತಲೇ ನೆಟ್ಟೆ. ಗುಂಡಿಗೆ ಒಳ್ಳೆ ಗೊಬ್ಬರ ಹಾಕಿದ್ದೆ. ಆಷಾಢ ಮುಗಿಯುವಷ್ಟರಲ್ಲಿ 22 ಸತ್ತವು. ಕಾಂಡ ಕಪ್ಪಾಗಿ, ತುದಿ ಬಗ್ಗಿ ಹೋಯಿತು. ಜಾಗ ಸಾಲದೆ ತುಳಸಿಕಟ್ಟೆಯ ಕಲ್ಲಿನ ಸಂದಿಗೆ ಸಿಕ್ಕಿಸಿದ ಎರಡು ಮಾತ್ರ ಉಳಿದಿವೆ. ನಮ್ಮ ಅತ್ತೆ "ಅದು ಮಸಣದ ಹೂವು, ಹೋಗಿದ್ದೇ ಒಳ್ಳೇದಾಯ್ತು" ಅಂತಾರೆ. ಮತ್ತೆ ನೆಡಬಹುದಾ? ಇದರ ಎಲೆ ತಿಂದರೆ ಸಕ್ಕರೆ ಕಾಯಿಲೆ ಕಡಿಮೆ ಆಗುತ್ತೆ ಅನ್ನೋದು ನಿಜವಾ? ನಮ್ಮ ಯಜಮಾನರು ಕೇಳುತ್ತಿದ್ದಾರೆ.

ಉತ್ತರ: ಕಲ್ಲಿನ ಸಂದಿಯ ಆ ಎರಡು ಗಿಡದ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ನನಗೆ ಬೇಕಾಗಿದ್ದು ಅದೇ ಸಾಲು. ಗುಂಡಿ ತೆಗೆದು, ಗೊಬ್ಬರ ಕೊಟ್ಟು, ಮುದ್ದು ಮಾಡಿ ನೆಟ್ಟ 22 ಗಿಡ ಹೋದವು. ಗುಂಡಿಯೂ ಇಲ್ಲದೆ ಗೊಬ್ಬರವೂ ಇಲ್ಲದೆ ಸುಮ್ನೆ ತುರುಕಿದ ಎರಡು ಬದುಕಿದವು. ಮಳೆ ಎಲ್ಲಕ್ಕೂ ಒಂದೇ ಬಿದ್ದಿದೆ. ಕಲ್ಲಿನ ಸಂದಿಯಲ್ಲಿ ಬಿದ್ದ ನೀರು ಆಗಲೇ ಇಳಿದು ಹೋಯಿತು. ಗುಂಡಿಯಲ್ಲಿ ನಿಂತಿತು. ಅಷ್ಟೇ ವ್ಯತ್ಯಾಸ.

ನರ್ಸರಿಯವರು ಸುಳ್ಳು ಹೇಳಿಲ್ಲ, ಅರ್ಧ ಹೇಳಿದ್ದಾರೆ. ಬೇಸಿಗೆಯಲ್ಲಿ ನೀರು ಕೇಳದ ಈ ಗಿಡ ಮಳೆಗಾಲದಲ್ಲಿ ನೀರು ತಡೆಯುವುದೂ ಇಲ್ಲ. ಬಯಲುಸೀಮೆಯವರಿಗೆ ಮೊದಲ ಅರ್ಧ ಗೊತ್ತಿದ್ದರೆ ಸಾಕು. ನಮಗೆ ಎರಡನೆಯದೇ ಮುಖ್ಯ. ನಮ್ಮ ಜಿಲ್ಲೆಯೊಳಗೇ ಲೆಕ್ಕ ಬೇರೆ ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಬೀಳುವುದಿಲ್ಲ. ಶಿಕಾರಿಪುರದ ಕಡೆಯ ನೆಂಟರ ಮನೆಯಲ್ಲಿ ಮೂರು ವರ್ಷದ ನಿತ್ಯಪುಷ್ಪ ಸೊಂಟದೆತ್ತರ ನಿಂತು ಹೂ ಬಿಡುವುದನ್ನು ನೋಡಿ, ಅದನ್ನೇ ಹಾಗೇ ತೀರ್ಥಹಳ್ಳಿಯಲ್ಲಿ ಮಾಡಹೊರಟರೆ ಆಗುವುದು ನಿಮಗೆ ಆದದ್ದೇ.

ಗಿಡದ ಪರಿಚಯ ಸ್ವಲ್ಪ ಆಗಲಿ. ನಿತ್ಯಪುಷ್ಪ, ಸದಾಪುಷ್ಪ, ಕಾಶಿ ಕಣಗಿಲೆ ಎಲ್ಲ ಇದರ ಹೆಸರೇ. ನರ್ಸರಿಯವರ ಬಾಯಲ್ಲಿ ವಿಂಕಾ. ಸಸ್ಯಶಾಸ್ತ್ರದವರು ಕ್ಯಾಥರಾಂಥಸ್ ರೋಸಿಯಸ್ ಅನ್ನುತ್ತಾರೆ. ಹುಟ್ಟೂರು ಆಫ್ರಿಕದ ಪಕ್ಕದ ಮಡಗಾಸ್ಕರ್ ದ್ವೀಪ. ಕಣಗಿಲೆ, ದೇವಕಣಗಿಲೆ ಇದರ ಬಳಗ. ಎಲೆಯ ಮೇಲೆ ಮೇಣ ಹಚ್ಚಿದಂಥ ಹೊಳಪು ಇದೆ ನೋಡಿ, ಅದು ಒಳಗಿನ ನೀರು ಆರಿಹೋಗದಂತೆ ಕಾಯುತ್ತದೆ. ಬೇರು ಆಳಕ್ಕೆ ಇಳಿಯುತ್ತದೆ. ಬೇರಿನ ಸುತ್ತ ಗಾಳಿ ಆಡಬೇಕು ಅನ್ನುವುದೊಂದೇ ಇದರ ಹಟ.

ಗಾಳಿ ಇಲ್ಲದ ಒದ್ದೆ ಮಣ್ಣಿನಲ್ಲಿ ಇದನ್ನು ಕೊಂದದ್ದು ಯಾರು ಗೊತ್ತಾ? ನಿಮ್ಮ ಮನೆಯವರಿಗೆ ಚೆನ್ನಾಗಿ ಪರಿಚಯ ಇರುವ ವೈರಿಯೇ. ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರಾ ಎಂಬ, ಶಿಲೀಂಧ್ರದಂಥ ರೋಗಾಣುವಿನ ಕುಲದ್ದೇ ಇನ್ನೊಂದು ಜಾತಿ. ಕಾಳುಮೆಣಸಿನ ಬಳ್ಳಿಯನ್ನು ಬೇಗನೆ ಒಣಗಿಸುವ ಸೊರಗು ರೋಗವೂ ಈ ಕುಲದ್ದೇ ಕೆಲಸ. ಇದರ ಬೀಜಕಣಗಳು ನೀರಿನಲ್ಲಿ ಈಜುತ್ತವೆ. ಮಣ್ಣಿನಲ್ಲಿ ನೀರು ನಿಂತರೆ ಬೇರಿಗೆ ಈಜಿ ಬರುತ್ತವೆ. ಮಳೆಹನಿ ನೆಲಕ್ಕೆ ಬಡಿದು ಸಿಡಿದರೆ ಎಲೆಗೂ ಕಾಂಡಕ್ಕೂ ಹಾರುತ್ತವೆ. ಕಾಂಡ ಕಪ್ಪಾಗಿ ತುದಿ ಬಗ್ಗಿತು ಅಂದಿರಲ್ಲ, ಅದು ಈ ರೋಗದ್ದೇ ಗುರುತು. ಹಾಗಾಗಿ ಅಡಿಕೆ ತೋಟದಲ್ಲಿ ಕಲಿತ ಬುದ್ಧಿಯನ್ನೇ ಅಂಗಳಕ್ಕೆ ತನ್ನಿ ಅನ್ನುತ್ತೇನೆ. ತೋಟದಲ್ಲಿ ಬಸಿಗಾಲುವೆ ಯಾಕೆ ತೆಗೆಯುತ್ತೀರಿ? ಹೂವಿನ ಪಟ್ಟೆಗೂ ಅದೇ ಕಾರಣ.

ಈಗ ಮುಖ್ಯ ವಿಷಯಕ್ಕೆ ಬರೋಣ. ನಿಮ್ಮ ಮನೆ ಕಟ್ಟಿರುವುದು ಕಡಿದ ಗುಡ್ಡದ ಮೇಲೆ. ಮೇಲಿನ ಸಡಿಲ ಮಣ್ಣು ಹೋಗಿ ಕೆಳಗಿನ ಜಂಬಿಟ್ಟಿಗೆ, ಅಂದರೆ ಗಟ್ಟಿ ಕೆಂಪು ಕಲ್ಲಿನ ಪದರ, ಎದ್ದಿರುತ್ತದೆ. ಅದರ ಮೇಲೆ ಜೆಸಿಬಿ ಓಡಾಡಿ ಇನ್ನೂ ಗಟ್ಟಿ ಮಾಡಿರುತ್ತದೆ. ಅಂಥ ನೆಲದಲ್ಲಿ ಹಾರೆ ಹಾಕಿ ಒಂದಡಿ ಗುಂಡಿ ತೆಗೆದು, ಒಳಗೆ ಮೆತ್ತನೆ ಮಣ್ಣು, ಗೊಬ್ಬರ ತುಂಬಿದಿರಿ. ಏನಾಯಿತು? ಕಲ್ಲಿನ ಬಟ್ಟಲಲ್ಲಿ ಸ್ಪಂಜು ಇಟ್ಟ ಹಾಗಾಯಿತು. ಸುತ್ತಲಿನ ನೀರೆಲ್ಲ ಹರಿದು ಬಂದು ಅದೇ ಬಟ್ಟಲಿಗೆ ಇಳಿಯುತ್ತದೆ, ಹೊರಗೆ ಹೋಗಲು ದಾರಿ ಇಲ್ಲ. ಗೊಬ್ಬರ ಜಾಸ್ತಿ ಹಾಕಿದಷ್ಟೂ ಸ್ಪಂಜು ಜಾಸ್ತಿ ನೀರು ಹಿಡಿಯುತ್ತದೆ. 22 ಗಿಡಕ್ಕೆ 22 ಪುಟ್ಟ ಬಾವಿ ತೋಡಿ ಮುಳುಗಿಸಿದಂತೆ ಆಯಿತು. ಬೇಜಾರು ಮಾಡಿಕೊಳ್ಳಬೇಡಿ. ನಾನೂ ಒಮ್ಮೆ ಹೀಗೇ ಮಾಡಿದ್ದೆ, ಅದೂ ತೋಟಗಾರಿಕೆ ಓದಿಕೊಂಡ ಮೇಲೆ. ಗೇಟಿನಿಂದ ಜಗುಲಿವರೆಗೆ ಎರಡು ಸಾಲು ನೆಟ್ಟು, ಪುನರ್ವಸು ಮಳೆಯ ಹೊತ್ತಿಗೆ ಒಂದು ಗಿಡವೂ ಇಲ್ಲದೆ ಬರೀ ಗುಂಡಿ ಉಳಿದಿದ್ದವು.

ನಂಬಿಕೆ ಬಾರದಿದ್ದರೆ ಪರೀಕ್ಷೆ ಮಾಡಿ ನೋಡಿ, ಮಳೆಗಾಲವೇ ಅದಕ್ಕೆ ಸರಿಯಾದ ಹೊತ್ತು. ಆ ಪಟ್ಟೆಯಲ್ಲಿ ಒಂದಡಿ ಆಳದ ಗುಂಡಿ ತೆಗೆದು ನೀರು ತುಂಬಿಸಿ. ಇಂಗಿದ ಮೇಲೆ ಇನ್ನೊಮ್ಮೆ ತುಂಬಿಸಿ, ಒಂದು ಕಡ್ಡಿ ನಿಲ್ಲಿಸಿ ಅಳೆಯಿರಿ. ಗಂಟೆಗೆ ಒಂದು ಇಂಚಾದರೂ ನೀರು ಇಳಿಯಬೇಕು. ಇಳಿಯದಿದ್ದರೆ ಅಲ್ಲಿ ಗುಂಡಿ ತೆಗೆಯುವ ಆಸೆ ಬಿಟ್ಟುಬಿಡಿ. ನೆಲದ ಕೆಳಗೆ ಹೋಗುವುದು ಬೇಡ, ನೆಲದ ಮೇಲೆ ಏರಿ.

ಅಂದರೆ ಏರುಪಟ್ಟೆ ಕಟ್ಟಬೇಕು. ಮೊದಲು ನೆಲವನ್ನು ಪಿಕಾಸಿಯಿಂದ ಅರ್ಧ ಅಡಿ ಸಡಿಲ ಮಾಡಿಸಿ, ಗುಂಡಿ ಗುಂಡಿಯಾಗಿ ಅಲ್ಲ, 30 ಅಡಿಯೂ ಒಂದೇ ಸಮ, ಒಂದು ಕಡೆಗೆ ಸ್ವಲ್ಪ ಇಳಿಜಾರು ಇರಲಿ. ಅಂಗಳದ ಕಡೆಗೆ ಜಂಬಿಟ್ಟಿಗೆ ಕಲ್ಲನ್ನು ಒಂದಡಿ ಎತ್ತರ ಜೋಡಿಸಿ. ಸಿಮೆಂಟ್ ಹಾಕಬೇಡಿ. ಮೇಸ್ತ್ರಿ ಹಾಕ್ತೀನಿ ಅಂತಾನೆ, ಚೆಂದ ಕಾಣುತ್ತೆ ಅಂತಾನೆ, ಒಪ್ಪಬೇಡಿ. ಕಲ್ಲುಗಳ ನಡುವಿನ ಸಂದಿಯೇ ನೀರು ಹೊರಗೆ ಹೋಗುವ ದಾರಿ. ಹಿಂದುಗಡೆ ಕಾಂಪೌಂಡ್ ಗೋಡೆಗೆ ಮಣ್ಣು ತಾಗಿಸಬೇಡಿ, ಗೋಡೆಗೆ ಶೀತ ಹತ್ತುತ್ತದೆ. ಅರ್ಧ ಅಡಿ ಬಿಟ್ಟು ಆ ಕಡೆಯೂ ಕಲ್ಲು ಜೋಡಿಸಿ, ನಡುವಿನ ಜಾಗ ಚರಂಡಿಯಾಗಲಿ. ಗೋಡೆಯಲ್ಲಿ ನೀರು ಹೋಗಲು ತೂಬು ಇದೆಯಾ ನೋಡಿ. ಇಲ್ಲದಿದ್ದರೆ ಒಂದೆರಡು ಕಡೆ ತೂತು ಮಾಡಿಸಿ ಪೈಪ್ ಕೂರಿಸಿ. ಅದಿಲ್ಲದೆ ಏರುಪಟ್ಟೆ ಮಾಡಿದರೂ ಅಂಗಳವೇ ಕೆರೆ ಆಗುತ್ತದೆ.

ತುಂಬಿಸುವ ಮಣ್ಣು ಹೀಗಿರಲಿ. ನಾಲ್ಕು ಬುಟ್ಟಿ ಕೆಂಪು ಮಣ್ಣಿಗೆ ಎರಡು ಬುಟ್ಟಿ ದಪ್ಪ ಮರಳು ಅಥವಾ ಕುಟ್ಟಿದ ಹೆಂಚು, ಇಟ್ಟಿಗೆ ಚೂರು. ಒಂದು ಬುಟ್ಟಿ ಭತ್ತದ ಹೊಟ್ಟು, ಸುಟ್ಟದ್ದಾದರೆ ಇನ್ನೂ ಒಳ್ಳೆಯದು. ಕೊಟ್ಟಿಗೆ ಗೊಬ್ಬರ ಅರ್ಧ ಬುಟ್ಟಿ ಮಾತ್ರ, ಅದೂ ವರ್ಷ ಹಳೆಯದು. ಕೈ ತಡೆಯುವುದಿಲ್ಲ, ಇನ್ನಷ್ಟು ಹಾಕೋಣ ಅನ್ನಿಸುತ್ತದೆ, ನಮ್ಮ ಗುಣವೇ ಹಾಗೆ. ಜಾಸ್ತಿ ಹಾಕಿದರೆ ಗಿಡ ಸೊಪ್ಪಾಗಿ ಬೆಳೆಯುತ್ತದೆ, ಹೂ ಕಡಿಮೆ, ಎಳೆ ಕಾಂಡಕ್ಕೆ ರೋಗ ಬೇಗ. ಮಣ್ಣನ್ನು ಆಮೆ ಬೆನ್ನಿನ ಹಾಗೆ ನಡುವೆ ಉಬ್ಬಿಸಿ.

ಸುಣ್ಣ ಹಾಕಬೇಕಾ ಅಂತ ಹಲವರು ಕೇಳುತ್ತಾರೆ. ಬೇಡ. ನಮ್ಮ ಮಣ್ಣಿನ ಹುಳಿ ಗುಣ ಈ ಗಿಡಕ್ಕೆ ಹಿತವೇ. ಹೊಸ ಮನೆಯಾದ್ದರಿಂದ ತದ್ವಿರುದ್ಧದ ತೊಂದರೆ ಇರಬಹುದು. ಗಾರೆ ಕೆಲಸದವರು ಸಿಮೆಂಟ್ ಚೂರು, ತೊಳೆದ ನೀರು ಎಲ್ಲ ಕಾಂಪೌಂಡ್ ಮೂಲೆಗೇ ಸುರಿದಿರುತ್ತಾರೆ. ಅಲ್ಲಿ ಗಿಡದ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಆ ಕಸವನ್ನು ಮೊದಲು ಗೋರಿ ಹೊರಹಾಕಿ.

ಇನ್ನೊಂದು ಮಾತು. ಪಟ್ಟೆಯ ಯಾವ ತುದಿಯೂ ಸೂರಿನ ನೀರು ಬೀಳುವ ಜಾಗಕ್ಕೆ ಹತ್ತಿರ ಬರಬಾರದು. ಹೆಂಚಿನ ಅಂಚಿನಿಂದ ಧಾರೆಯಾಗಿ ಬಿದ್ದ ನೀರು ಮೂರು ಅಡಿ ದೂರಕ್ಕೂ ಕೆಸರು ಸಿಡಿಸುತ್ತದೆ.

ಸರಿ, ಯಾವಾಗ ನೆಡಬೇಕು? ಇಲ್ಲಿ ನಮ್ಮ ಅಭ್ಯಾಸವನ್ನೇ ತಿರುಗಿಸಬೇಕು. ಮಲೆನಾಡಿನಲ್ಲಿ ಅಡಿಕೆ ಸಸಿಯಿಂದ ಹಿಡಿದು ಮೆಣಸಿನ ಬಳ್ಳಿವರೆಗೆ ಏನು ನೆಡುವುದಿದ್ದರೂ ಮಳೆ ಹಿಡಿದ ಮೇಲೆ. ನಿತ್ಯಪುಷ್ಪವನ್ನು ಮಳೆ ಬಿಡುವಾಗ ನೆಡಿ. ಚಿತ್ತೆ, ಸ್ವಾತಿ ಮಳೆಯ ಹೊತ್ತು, ಅಂದರೆ ಅಕ್ಟೋಬರ್ ಎರಡನೇ ವಾರದಿಂದ ನವೆಂಬರ್ ಮೊದಲ ವಾರ. ಆಗ ನೆಲದಲ್ಲಿ ಹಸಿ ಇರುತ್ತದೆ, ಆಕಾಶ ತೆರೆದಿರುತ್ತದೆ. ಬೇರು ಇಳಿಯುವ ನೀರನ್ನು ಹುಡುಕುತ್ತ ತಾನೂ ಕೆಳಗಿಳಿಯುತ್ತದೆ. ಮಾರ್ಚ್‌ನಲ್ಲಿ ನಿಮ್ಮ ಬಾವಿ ಬತ್ತುವ ಹೊತ್ತಿಗೆ ಗಿಡ ಗಟ್ಟಿಯಾಗಿರುತ್ತದೆ. ಒಂದರಿಂದ ಇನ್ನೊಂದಕ್ಕೆ ಒಂದೂಕಾಲು ಅಡಿ ಅಂತರ ಕೊಡಿ. ಹಾಗಂದರೆ ನಿಮ್ಮ ಜಾಗಕ್ಕೆ 24 ಗಿಡ ಸರಿಯಾಗಿ ಕೂರುತ್ತದೆ. ಮೊದಲು ವಿರಳ ಅನ್ನಿಸುತ್ತದೆ, ಸಂಕ್ರಾಂತಿ ಹೊತ್ತಿಗೆ ತುಂಬಿಕೊಳ್ಳುತ್ತದೆ. ನರ್ಸರಿಯ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಎಷ್ಟು ಆಳ ಇತ್ತೋ ಅಷ್ಟೇ ಆಳಕ್ಕೆ ನೆಡಿ, ಕಾಂಡದ ಮೇಲೆ ಮಣ್ಣು ಏರಿಸಬೇಡಿ.

ನೀರಿನ ಲೆಕ್ಕ ಸುಲಭ. ಮೊದಲ ಮೂರು ವಾರ ದಿನ ಬಿಟ್ಟು ದಿನ. ಆಮೇಲೆ ವಾರಕ್ಕೊಮ್ಮೆ. ಬೇಸಿಗೆಯಲ್ಲಿ ಹತ್ತು ಹದಿನೈದು ದಿನಕ್ಕೊಮ್ಮೆ ಬುಡಕ್ಕೆ ಒಂದು ಚೊಂಬು ಕೊಟ್ಟರೂ ನಡೆಯುತ್ತದೆ. ಅಕ್ಕಿ ತೊಳೆದ ನೀರು ಸಾಕು. ಬೆಳಿಗ್ಗೆ ಹಾಕಿ, ಬುಡಕ್ಕೆ ಹಾಕಿ. ಸಂಜೆ ಪೈಪ್ ಹಿಡಿದು ಗಿಡಕ್ಕೆಲ್ಲ ಸ್ನಾನ ಮಾಡಿಸುವ ಚಟ ಕೆಲವರಿಗಿದೆ, ಅದು ರಾತ್ರಿಯಿಡೀ ಎಲೆ ಒದ್ದೆ ಇಟ್ಟು ರೋಗ ಕರೆದ ಹಾಗೆ. ಏಪ್ರಿಲ್‌ನ ಉರಿಬಿಸಿಲಲ್ಲಿ ಮಧ್ಯಾಹ್ನ ಎಲೆ ಮುದುರಿಕೊಳ್ಳುತ್ತದೆ. ಗಾಬರಿ ಬೇಡ, ಅದು ಗಿಡವೇ ಕೊಡೆ ಮಡಚಿದ್ದು. ಸಂಜೆ ಆರಕ್ಕೆ ಹೋಗಿ ನೋಡಿ. ಎಲೆ ಬಿಚ್ಚಿದ್ದರೆ ಏನೂ ಬೇಡ, ಆಗಲೂ ಜೋತುಬಿದ್ದಿದ್ದರೆ ಮಾತ್ರ ನೀರು. ಮಣ್ಣು ಒದ್ದೆಯಿದ್ದೂ ಗಿಡ ಬಾಡಿದ್ದರೆ? ಆಗ ಚೊಂಬು ಕೆಳಗಿಡಿ. ಅದು ಬಾಯಾರಿಕೆ ಅಲ್ಲ, ಬೇರು ಕೊಳೆತದ್ದು. ಹೆಚ್ಚಿನವರು ಗಿಡ ಕೊಲ್ಲುವುದು ಇಲ್ಲೇ. ಬಾಡಿತು ಅಂತ ಇನ್ನೊಂದು ಕೊಡ ಸುರಿಯುತ್ತಾರೆ.

ಹಾಗೆ ರೋಗ ಹತ್ತಿದ ಗಿಡವನ್ನು ಬೇರು ಸಮೇತ ಕಿತ್ತು ಒಣಗಿಸಿ ಸುಡಿ. ಗೊಬ್ಬರದ ಗುಂಡಿಗೆ ಹಾಕಬೇಡಿ. ಸತ್ತ 22 ಗಿಡದ ಜಾಗದ ಮಣ್ಣಿನಲ್ಲೂ ಆ ರೋಗಾಣು ಇನ್ನೂ ಇರುತ್ತದೆ. ಆ ಗುಂಡಿಗಳ ಮಣ್ಣನ್ನು ತೆಗೆದು, ಹೂಗಿಡವೂ ಮೆಣಸಿನ ಬಳ್ಳಿಯೂ ಇಲ್ಲದ ಕಡೆ ಚೆಲ್ಲಿ. ಹೊಸ ಪಟ್ಟೆಗೆ ಮಾತ್ರ ಸೇರಿಸಬೇಡಿ.

ಈಗ ಮಳೆಗಾಲ ದಾಟಿಸುವ ಪ್ರಶ್ನೆ. ನೇರವಾಗಿ ಹೇಳುತ್ತೇನೆ, ತೀರ್ಥಹಳ್ಳಿ, ಹೊಸನಗರದ ಕಡೆ ಇದನ್ನು ಅಕ್ಟೋಬರ್‌ನಿಂದ ಜೂನ್‌ವರೆಗಿನ ಹೂವು ಅಂದುಕೊಳ್ಳುವುದು ಒಳ್ಳೆಯದು. ಮಳೆ ದಾಟಿ ಉಳಿದದ್ದು ಲಾಭ. ಶಿವಮೊಗ್ಗ, ಭದ್ರಾವತಿಯಲ್ಲಿ ಎರಡು ಮೂರು ವರ್ಷ ಆರಾಮಾಗಿ ಬಾಳುತ್ತದೆ, ಆಮೇಲೆ ಬುಡ ಕಟ್ಟಿಗೆಯಾಗಿ ಹೂ ಇಳಿಯುತ್ತದೆ. ನಿಮ್ಮಲ್ಲಿ ಏರುಪಟ್ಟೆ ಮಾಡಿದರೆ ಅರ್ಧದಷ್ಟಾದರೂ ಉಳಿಯಬಹುದು ಅನ್ನುವುದು ನನ್ನ ಅಂದಾಜು.

ಅದಕ್ಕೆ ಮೇ ಮೊದಲ ವಾರದಲ್ಲೇ ತಯಾರಿ ಬೇಕು. ಗಿಡದ ಮೂರನೇ ಒಂದು ಭಾಗ ಕತ್ತರಿಸಿ. ಮಳೆ ಬರುವುದರೊಳಗೆ ಗಾಯ ಒಣಗಿ, ಚಿಗುರು ಬಲಿಯಲು ಸಮಯ ಸಿಗುತ್ತದೆ. ಮೃಗಶಿರ ಹಿಡಿದ ಮೇಲೆ ಕತ್ತರಿ ಮುಟ್ಟಬೇಡಿ. ನೆಲಕ್ಕೆ ತಾಗುವ ಎಲೆಗಳನ್ನು ತೆಗೆದುಬಿಡಿ. ಬೇಸಿಗೆಗೆ ಅಂತ ಬುಡಕ್ಕೆ ದರಗೆಲೆ ಮುಚ್ಚಿದ್ದರೆ ಎಳೆದು ಹಾಕಿ, ಬದಲಿಗೆ ಸಣ್ಣ ಜಲ್ಲಿ ಹರಡಿ. ಜಲ್ಲಿ ಇದ್ದರೆ ಕೆಸರು ಸಿಡಿಯುವುದಿಲ್ಲ.

ಔಷಧಿ ಬೇಕೇ ಬೇಕು ಅಂದರೆ ಅಂಗಡಿಗೆ ಓಡುವ ಅಗತ್ಯ ಇಲ್ಲ. ಕೊನೆಗೌಡ ಅಡಿಕೆಗೆ ಔಷಧಿ ಹೊಡೆಯಲು ಬಂದ ದಿನ ಡ್ರಮ್ಮಿನ ತಳದಲ್ಲಿ ಉಳಿದ ಬೋರ್ಡೋ ದ್ರಾವಣದಲ್ಲಿ ಅರ್ಧ ಲೀಟರ್ ಪ್ರತಿ ಗಿಡದ ಬುಡಕ್ಕೆ ಹಾಕಿ. ಬೇರೆ ಮಾಡಿಕೊಳ್ಳುವುದಿದ್ದರೆ ಲೀಟರ್ ನೀರಿಗೆ 10 ಗ್ರಾಂ ಮೈಲುತುತ್ತ, 10 ಗ್ರಾಂ ಸುಣ್ಣದ ಲೆಕ್ಕ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ತಿರುಗುಮುರುಗು ಮಾಡಬಾರದು. ಹೊಳೆಯುವ ಕಬ್ಬಿಣದ ಚಾಕು ಅದ್ದಿ ನೋಡಿ. ಕೆಂಪು ಹತ್ತಿದರೆ ಸುಣ್ಣ ಸಾಲದು. ಅದೇ ದಿನ ಬಳಸಿ ಮುಗಿಸಿ. ಮಳೆಗೆ ಮೊದಲು ಒಮ್ಮೆ, ಸುಮಾರು 40 ದಿನ ಕಳೆದು ಹೊಳವಾದಾಗ ಇನ್ನೊಮ್ಮೆ. ಎಲೆಗೆ ಸಿಡಿದರೆ ನೀಲಿ ಕಲೆ ಕೂರುತ್ತದೆ, ಚೆಂದ ಕಾಣುವುದಿಲ್ಲ. ಆದರೆ ನೀರು ನಿಲ್ಲುವ ಜಾಗದಲ್ಲಿ ಇದನ್ನು ಎಷ್ಟು ಸುರಿದರೂ ದಂಡವೇ, ನೆನಪಿರಲಿ.

ನಮ್ಮ ತೋಟಗಳಿಗೆ ಈ ನೀಲಿ ನೀರನ್ನು ರೂಢಿ ಮಾಡಿಸಿದವರು ಲೆಸ್ಲಿ ಕೋಲ್‌ಮನ್. ಕೆನಡಾದವರು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಕೊಳೆರೋಗವನ್ನು ಅಭ್ಯಾಸ ಮಾಡಿದವರು. ಆ ಮಾತು ಯಾಕೆ ಬಂತೆಂದರೆ ನಿಮ್ಮ ಯಜಮಾನರ ಪ್ರಶ್ನೆಗೂ ಕೆನಡಾದವರೊಬ್ಬರೇ ಉತ್ತರ ಕೊಟ್ಟಿದ್ದಾರೆ.

1950ರ ದಶಕದಲ್ಲಿ ಅಲ್ಲಿನ ರಾಬರ್ಟ್ ನೋಬಲ್ ಅನ್ನುವ ವಿಜ್ಞಾನಿಯ ಕೈಗೆ ಜಮೈಕಾದಿಂದ ನಿತ್ಯಪುಷ್ಪದ ಎಲೆಗಳು ಬಂದವು. ಜಮೈಕಾದ ಜನ ಸಕ್ಕರೆ ಕಾಯಿಲೆಗೆ ಇದರ ಕಷಾಯ ಕುಡಿಯುತ್ತಿದ್ದರು. ನಿಜವಾ ಅಂತ ನೋಡಲು ಅವರು ಇಲಿಗಳಿಗೆ ಕೊಟ್ಟರು. ರಕ್ತದ ಸಕ್ಕರೆ ಇಳಿಯಲಿಲ್ಲ. ರಕ್ತದ ಬಿಳಿಕಣಗಳು ಇಳಿದವು! ನೋಬಲ್ ಮತ್ತು ಚಾರ್ಲ್ಸ್ ಬೀರ್ ಆ ಗುಣ ಇರುವ ವಿನ್‌ಬ್ಲಾಸ್ಟಿನ್ ಎಂಬ ವಸ್ತುವನ್ನು ಬೇರ್ಪಡಿಸಿ 1958ರಲ್ಲಿ ಪ್ರಕಟಿಸಿದರು. ಇದೇ ಗಿಡದ ವಿನ್‌ಕ್ರಿಸ್ಟಿನ್ ಇವತ್ತಿಗೂ ಮಕ್ಕಳ ರಕ್ತದ ಕ್ಯಾನ್ಸರ್‌ಗೆ ಕೊಡುವ ಔಷಧಿ. ಒಂದು ಗ್ರಾಂ ಔಷಧಿಗೆ ನೂರಾರು ಕಿಲೋ ಒಣ ಎಲೆ ಬೇಕು. ಎಲೆಯಲ್ಲಿ ಇರುವುದು ಅಷ್ಟು ಕಡಿಮೆ, ಆದರೂ ರಕ್ತದ ಬಿಳಿಕಣ ಇಳಿಸುವಷ್ಟು ಖಾರದ ವಸ್ತು ಅದು. ಹಾಗಾಗಿ ಬೆಳಿಗ್ಗೆ ಎದ್ದು ನಾಲ್ಕು ಎಲೆ ಜಗಿಯುವ ಯೋಚನೆಯನ್ನು ಯಜಮಾನರು ಬಿಟ್ಟುಬಿಡಲಿ. ಸಕ್ಕರೆಗೆ ಡಾಕ್ಟರು ಕೊಟ್ಟ ಮಾತ್ರೆ ನುಂಗುವವರಂತೂ ಮುಟ್ಟಲೇಬಾರದು. ಮನೆಯಲ್ಲಿ ಯಾರಾದರೂ ಬಸುರಿ ಇದ್ದರೆ ಇನ್ನೂ ಎಚ್ಚರ. ದನ ಇದನ್ನು ಕಹಿಗೆ ತಿನ್ನುವುದು ಕಡಿಮೆ, ಆದರೆ ಮೇ ತಿಂಗಳಲ್ಲಿ ಕತ್ತರಿಸಿದ ರೆಂಬೆ ಹಸಿಹುಲ್ಲಿನ ಜೊತೆ ಸೇರಿ ಕೊಟ್ಟಿಗೆಗೆ ಹೋಗದಂತೆ ನೋಡಿಕೊಳ್ಳಿ.

ಅತ್ತೆಯವರ ಮಾತು. ಅವರು ಕಂಡದ್ದನ್ನೇ ಹೇಳಿದ್ದಾರೆ. ಯಾರೂ ನೀರು ಹಾಕದ ಸಮಾಧಿಗಳ ಮೇಲೆ ಇದು ವರ್ಷವಿಡೀ ಅರಳುತ್ತದೆ, ಅದಕ್ಕೇ ಅಲ್ಲಿ ನೆಡುತ್ತಾರೆ. ಎಷ್ಟೋ ಮನೆಗಳಲ್ಲಿ ಇದೇ ಬಿಳಿ ಹೂವನ್ನು ದೇವರಿಗೂ ಏರಿಸುತ್ತಾರೆ. ವಾದ ಮಾಡಲು ಹೋಗಬೇಡಿ. ಆ ಪಟ್ಟೆಯ ಹಿಂಬದಿಯಲ್ಲಿ ಅವರಿಗೆ ಡೇರೆ ಗಡ್ಡೆ ನೆಡಲು ನಾಲ್ಕು ಅಡಿ ಜಾಗ ಬಿಟ್ಟುಕೊಡಿ. ಮಲೆನಾಡಿನ ಮಳೆಗಾಲದ ಅಂಗಳ ಅಂದರೆ ಡೇರೆಯೇ ಅಲ್ವಾ? ನಿತ್ಯಪುಷ್ಪ ಮಂಕಾಗುವ ಹೊತ್ತಿಗೆ ಅದು ಅರಳುತ್ತದೆ. ಅದಕ್ಕೂ ನೀರು ನಿಲ್ಲದ ಏರು ಬೇಕಾದ್ದರಿಂದ ನಿಮ್ಮ ಕಲ್ಲುಕಟ್ಟೆ ಖರ್ಚಿಗೆ ಅತ್ತೆಯವರೇ ಸಾಕ್ಷಿ ಹೇಳುತ್ತಾರೆ.

ಗಿಡ ಮತ್ತೆ ದುಡ್ಡು ಕೊಟ್ಟು ತರಬೇಕಾ? ರೋಗ ತಡೆಯುವ ಕೋರಾ ಎಂಬ ತಳಿ ಬಂದಿದೆ, ಸಿಕ್ಕರೆ ಒಂದಾರು ಗಿಡ ತಂದು ನೋಡಿ. ಉಳಿದದ್ದಕ್ಕೆ ತುಳಸಿಕಟ್ಟೆಯ ಆ ಎರಡೇ ಸಾಕು. ಹೂವಿನ ಕೆಳಗೆ ಜೋಡಿಯಾಗಿ ಸಪೂರ ಕಾಯಿ ನಿಂತಿರುತ್ತದೆ. ಹಸಿರು ಹೋಗಿ ಹಳದಿಗೆ ತಿರುಗಿದ ದಿನವೇ ಕಿತ್ತುಕೊಳ್ಳಿ, ಒಂದು ದಿನ ತಡವಾದರೂ ಸಿಡಿದು ಬೀಜ ಚೆಲ್ಲುತ್ತದೆ. ಒಳಗೆ ಸಣ್ಣ ಕಪ್ಪು ಬೀಜ. ಆಗಸ್ಟ್ ಕೊನೆಗೆ, ಹುಬ್ಬೆ ಮಳೆ ಹುಟ್ಟುವಾಗ, ಮರಳು ಬೆರೆಸಿದ ಮಣ್ಣಿನ ಟ್ರೇಯಲ್ಲಿ ಬಿತ್ತಿ. ಮೇಲೆ ಕಾಲು ಇಂಚು ಮಣ್ಣು ಮುಚ್ಚಿ, ಒಂದು ಅಡಿಕೆ ಹಾಳೆ ಕವುಚಿ ಜಗುಲಿಯ ಮೂಲೆಯಲ್ಲಿಡಿ, ಇದರ ಬೀಜಕ್ಕೆ ಮೊಳೆಯಲು ಕತ್ತಲೆ ಬೇಕು. ಹತ್ತು ಹದಿನೈದು ದಿನದಲ್ಲಿ ಮೊಳಕೆ ಕಂಡ ಕೂಡಲೇ ಹಾಳೆ ತೆಗೆದು ಬೆಳಕಿಗೆ ತನ್ನಿ, ಮಳೆಗೆ ಮಾತ್ರ ಬೇಡ. ತಾಯಿ ಗಿಡದ ಬಣ್ಣವೇ ಬರುತ್ತದೆ ಅಂತ ಹೇಳಲಾರೆ. ಸ್ವಾತಿ ಮಳೆ ಹೊತ್ತಿಗೆ ಸಸಿ ನಾಲ್ಕೈದು ಇಂಚು ಇರುತ್ತದೆ. ಅಷ್ಟರೊಳಗೆ ಕಲ್ಲು ಜೋಡಿಸಿ ಮುಗಿಸಿರಿ. ಕಟ್ಟೆಯ ಸಂದಿಯ ಎರಡು ಗಿಡವನ್ನು ಮಾತ್ರ ಕೀಳಬೇಡಿ, ಅವು ಅಲ್ಲೇ ಇರಲಿ.